ಎದೆಯಲ್ಲಿ ಹಾಲಿದೆ, ಹಿಂಡಿಕೊಳ್ಳಲು ಮರೆಯಿಲ್ಲ!

ಬೆಳಿಗ್ಗೆ ಏಳು ಗಂಟೆಯ ಬಸ್ಸಿನಲ್ಲಿ ಈಗ ಹೆಂಗಸರದ್ದೇ ರಾಜ್ಯ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲಂತೂ ಗಂಡಸರಿಗೆ ಕಂಬಿ ಹಿಡಿದು ನೇತಾಡುವುದೇ ಗತಿ ಎಂದು ಗೊಣಗುವವರಿದ್ದಾರೆ. ಗೊಣಗಲಿ. ಆದರೆ ಆ ಹೆಂಗಸರ ಪೈಕಿ ಒಬ್ಬಿಬ್ಬರು ಮೂರು ನಾಲ್ಕು ತಿಂಗಳ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ ಬಂದವರಿರುತ್ತಾರೆ. ಪಕ್ಕದಲ್ಲಿ ನಿಂತವನಿಗೆ ಅದು ಗೊತ್ತಾಗುವುದಿಲ್ಲ. ಒಬ್ಬಳು ಗೆಜ್ಜಲಗೆರೆ ಕಡೆಯ ಗಾರ್ಮೆಂಟ್ಸಿಗೆ ಹೋಗುವವಳು, ಇನ್ನೊಬ್ಬಳು ಮಂಡ್ಯದ ಪೇಟೆ ಬೀದಿಯ ಜವಳಿ ಅಂಗಡಿಗೆ, ಮತ್ತೊಬ್ಬಳು ಬ್ಯಾಂಕಿಗೆ. ಹನ್ನೊಂದು ಗಂಟೆ ಆಗುತ್ತಿದ್ದ ಹಾಗೆ ಮೂವರದ್ದೂ ಒಂದೇ ಪಾಡು. ಎದೆ ಬಿಗಿದು ಕಲ್ಲಾಗುತ್ತದೆ, ರವಿಕೆ ಒದ್ದೆಯಾಗುತ್ತದೆ. ಸೆರಗು ಎಳೆದುಕೊಂಡು ಗಿರಾಕಿಗೆ ಸೀರೆ ಬಿಚ್ಚಿ ತೋರಿಸಬೇಕು!

ತಡೆಯಲಾರದೆ ಕಕ್ಕಸಿಗೆ ಹೋಗಿ ನೋವು ಇಳಿಯುವಷ್ಟು ಹಿಂಡಿ ನೀರು ಹಾಕಿ ಬರುತ್ತಾರೆ. ಅತ್ತ ಮನೆಯಲ್ಲಿ ಕೂಸು ಹಸಿದು ಅಳುತ್ತಿರುತ್ತದೆ. ಒಂದು ವಾರ ಹೀಗೆ ನಡೆದರೆ ಮೆಡಿಕಲ್ ಸ್ಟೋರಿನಿಂದ ಪೌಡರ್ ಡಬ್ಬ ಮನೆಗೆ ಬಂತೆಂದೇ ಲೆಕ್ಕ. ತಿಂಗಳು ಕಳೆಯುವುದರೊಳಗೆ ಮನೆಯವರೇ ತೀರ್ಪು ಕೊಟ್ಟುಬಿಡುತ್ತಾರೆ: "ಅವ್ಳಿಗೆ ಹಾಲೇ ಬತ್ತೋಯ್ತು."

ಬತ್ತಿದ್ದಲ್ಲ ಸ್ವಾಮಿ, ಬತ್ತಿಸಿದ್ದು. ಎದೆಹಾಲು ಸೇದಿದಷ್ಟೂ ಒಸರುವ ಬಾವಿ ಇದ್ದ ಹಾಗೆ. ಕೂಸು ಚೀಪಿ ಖಾಲಿ ಮಾಡಿದಷ್ಟನ್ನು ಮೈ ಮತ್ತೆ ತುಂಬಿಸುತ್ತದೆ. ಎಂಟು ಹತ್ತು ಗಂಟೆ ಕಾಲ ಹಾಲು ಹೊರಗೆ ಬಾರದೆ ಒಳಗೇ ನಿಂತರೆ, "ಓಹೋ, ಇಷ್ಟು ಬೇಡವಾಯಿತು" ಎಂದು ಮೈ ತಯಾರಿಯನ್ನೇ ಕಡಿಮೆ ಮಾಡುತ್ತದೆ. ಆದ್ದರಿಂದ ಕೆಲಸಕ್ಕೆ ಹೋಗುವ ತಾಯಿ ಹಗಲಿನಲ್ಲಿ ಮೂರು ಗಂಟೆಗೊಮ್ಮೆಯಾದರೂ ಹಾಲು ಹಿಂಡಿ ತೆಗೆಯಬೇಕು. ಹಾಗೆ ತೆಗೆದದ್ದು ಚರಂಡಿಗಲ್ಲ, ಮಾರನೆ ದಿನ ಕೂಸಿನ ಹೊಟ್ಟೆಗೆ. ಆರು ತಿಂಗಳವರೆಗೆ ತಾಯಿಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ ಎಂದು ಡಾಕ್ಟರುಗಳು ಹೇಳುವುದನ್ನು ದುಡಿಯುವ ಹೆಂಗಸು ಪಾಲಿಸಬೇಕಾದರೆ ಇದೊಂದೇ ದಾರಿ.

ಈ ವಿದ್ಯೆಯನ್ನು ಕೆಲಸಕ್ಕೆ ಸೇರಿದ ದಿನ ಕಲಿಯುತ್ತೇನೆಂದರೆ ಆಗುವುದಿಲ್ಲ. ರಜೆ ಮುಗಿಯಲು ಎರಡು ಮೂರು ವಾರ ಇರುವಾಗಲೇ ಶುರು ಮಾಡಬೇಕು. ಬೆಳಗಿನ ಜಾವ ಎದೆ ತುಂಬಿರುವ ಹೊತ್ತು ಒಳ್ಳೆಯದು. ಕೂಸು ಕುಡಿದು ಮಲಗಿದ ಮೇಲೆ ಕೂತರೆ ಇನ್ನಷ್ಟು ಸಿಗುತ್ತದೆ.

ಮೊದಲು ಕೈಯಲ್ಲೇ ಕಲಿಯುವುದು ವಾಸಿ. ಇದಕ್ಕೆ ಕಾಸಿಲ್ಲ, ಕರೆಂಟಿಲ್ಲ. ಕೈಯನ್ನು ಸೋಪು ಹಾಕಿ ತೊಳೆಯಬೇಕು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎದೆಯ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡರೆ ಹಾಲು ಸಲೀಸಾಗಿ ಇಳಿಯುತ್ತದೆ. ತೊಟ್ಟಿನಿಂದ ಮೂರು ನಾಲ್ಕು ಸೆಂಟಿಮೀಟರ್ ಹಿಂದೆ, ಮೇಲೆ ಹೆಬ್ಬೆರಳು ಕೆಳಗೆ ತೋರುಬೆರಳು ಇಟ್ಟು, ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಎರಡು ಬೆರಳನ್ನೂ ಕೂಡಿಸಿ ಅದುಮಿ ಬಿಡಬೇಕು. ಅದುಮು, ಬಿಡು. ಬೆರಳು ಚರ್ಮದ ಮೇಲೆ ಜಾರಬಾರದು, ತೊಟ್ಟನ್ನು ಹಿಡಿದು ಎಳೆಯಲೇಬಾರದು. ಒಂದೆರಡು ನಿಮಿಷ ಏನೂ ಬರುವುದಿಲ್ಲ. ಆಮೇಲೆ ಹನಿ, ಆಮೇಲೆ ಸಣ್ಣ ಚಿಲುಮೆ. ಬೆರಳಿನ ಜಾಗ ಬದಲಿಸುತ್ತ, ಐದೈದು ನಿಮಿಷಕ್ಕೆ ಎಡ ಬಲ ಬದಲಿಸುತ್ತ ಇಪ್ಪತ್ತು ಮೂವತ್ತು ನಿಮಿಷ ಆಗುತ್ತದೆ. ನೋಯುತ್ತಿದೆ ಎಂದರೆ ಕ್ರಮ ತಪ್ಪಿದೆ ಎಂದರ್ಥ.

(ಸಂಜೆ ಪತ್ರಿಕೆಯಲ್ಲಿ ಇದನ್ನೆಲ್ಲ ಬರೆಯುವುದಾ ಎಂದು ಮೂಗು ಮುರಿಯುವವರು ಮುರಿಯಲಿ. ಎಮ್ಮೆ ಹಾಲಿನ ಡಿಗ್ರಿ ಬಗ್ಗೆ ದಿನಾ ಬರೆಯಬಹುದಂತೆ!)

ಮೊದಲ ದಿನ ಲೋಟದ ತಳ ಮುಚ್ಚುವಷ್ಟೂ ಬಾರದಿರಬಹುದು. ಅಲ್ಲೇ ಎಷ್ಟೋ ತಾಯಂದಿರು ಎದೆಗುಂದುತ್ತಾರೆ. ಹಿಂಡಿದಾಗ ಬರುವುದೇ ಎದೆಯಲ್ಲಿರುವ ಹಾಲಿನ ಅಳತೆ ಅಲ್ಲ. ಕೂಸಿನ ಬಾಯಿಗೆ ಬರುವ ಹಾಗೆ ಬೆರಳಿಗೂ ಪಂಪಿಗೂ ಬರುವುದಿಲ್ಲ. ವಾರ ಹತ್ತು ದಿನದ ಅಭ್ಯಾಸದ ಮೇಲೆ ಎಷ್ಟೋ ಮಂದಿಗೆ ಒಂದು ಸಲಕ್ಕೆ ಕೂಸು ಕುಡಿಯುವಷ್ಟು, ಅಂದರೆ 60ರಿಂದ 120 ಮಿಲಿಲೀಟರ್ ಸಿಗುತ್ತದೆ. ಕೂಸಿನ ಫೋಟೋ ನೋಡುತ್ತಲೋ ಅದರ ಅಂಗಿ ಮೂಸುತ್ತಲೋ ಕೂತರೆ ಹಾಲು ಬೇಗ ಇಳಿಯುತ್ತದೆ. ಇದು ಬರೀ ಕಕ್ಕುಲಾತಿಯ ಮಾತಲ್ಲ. ಹಾಲನ್ನು ಹೊರಕ್ಕೆ ತಳ್ಳುವ ಆಕ್ಸಿಟೋಸಿನ್ ಎಂಬ ಹಾರ್ಮೋನು ಕೂಸಿನ ನೆನಪಿಗೇ ಎಚ್ಚರವಾಗುತ್ತದೆ, ಗಾಬರಿ ಅವಸರಕ್ಕೆ ಹಿಂದೆ ಸರಿಯುತ್ತದೆ. ಮೇಸ್ತ್ರಿ ಬಾಗಿಲು ಬಡಿಯುತ್ತಿದ್ದರೆ ಹಾಲು ಎಲ್ಲಿಂದ ಬಂದೀತು?

ಪಂಪು ಕೊಳ್ಳುವವರಿಗೂ ಒಂದು ಮಾತು. ಹಳೇ ಕಾಲದ ಪೋಂ ಪೋಂ ಹಾರನ್ನಿನ ಹಾಗೆ ರಬ್ಬರ್ ಗುಂಡು ಒತ್ತುವ ಅಗ್ಗದ ಪಂಪು ಬೇಡ. ಹಾಲು ಆ ಗುಂಡಿನೊಳಕ್ಕೆ ಹೋಗಿ ಕೂತರೆ ತೊಳೆಯಲು ಆಗುವುದಿಲ್ಲ. ಕೈಯಲ್ಲಿ ಅದುಮುವ ಹಿಡಿ ಇರುವುದೋ ಕರೆಂಟಿನದೋ ಆಗಬಹುದು. ಎದೆಗೆ ಇಡುವ ಆಲಿಕೆಯ ಅಳತೆ ಸರಿಯಿರಬೇಕು, ಬಿಗಿಯಾದರೆ ತೊಟ್ಟು ಉಜ್ಜಿ ಗಾಯವಾಗುತ್ತದೆ. ಹಾಲು ತಾಗುವ ಭಾಗಗಳನ್ನು ಪ್ರತಿ ಸಲವೂ ಬಿಚ್ಚಿ ತೊಳೆಯಬೇಕು. ಎದೆ ಒಂದು ಕಡೆ ಕೆಂಪಾಗಿ ಗಟ್ಟಿಯಾಗಿ ಚಳಿಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಬೇಕು. ಹಾಗೆಂದು ಹಾಲು ತೆಗೆಯುವುದನ್ನು ನಿಲ್ಲಿಸಬಾರದು.

ಅತ್ತೆಯ ಕೋರ್ಟು

ಮನೆಯಲ್ಲಿ ಇನ್ನೊಂದು ಗಂಡಾಂತರ. "ಇದೇನವ್ವ, ಎದೆಹಾಲ ಲೋಟುಕ್ ಹಿಂಡದು, ನೀನೇನ್ ಹಸುವಾ? ಇಟ್ಟಿದ್ ಹಾಲು ಕೂಸುಗ್ ಬೇದಿ ಆಯ್ತದೆ" ಎನ್ನುವ ಹಿರಿಯರು ಊರು ತುಂಬ ಇದ್ದಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ದಿನವಿಡೀ ಕೂಸನ್ನು ನೋಡಿಕೊಳ್ಳುವವರು ಅವರೇ, ಅವರು ಒಪ್ಪದಿದ್ದರೆ ಹಿಂಡಿದ ಹಾಲು ಫ್ರಿಜ್ಜಿನಲ್ಲೇ ಉಳಿಯುತ್ತದೆ. ಎದುರಿಗೇ ಕೂರಿಸಿಕೊಂಡು ಹೇಳಿಕೊಡಬೇಕು. ಕುದಿಸಿ ತೊಳೆದ ಮುಚ್ಚಳದ ಸ್ಟೀಲ್ ಡಬ್ಬಿ ಸಾಕು. ತಣ್ಣಗಿನ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಹಾಲು ಕೆಡುವುದಿಲ್ಲ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಮಾತ್ರ ಹೊರಗೆ ಆ ನಾಲ್ಕು ಗಂಟೆಯನ್ನೂ ನಂಬಬೇಡಿ. ಫ್ರಿಜ್ಜಿನಲ್ಲಿ ಮೇಲೆ ಕೆನೆ ಕೆಳಗೆ ನೀರು ಎಂದು ಬೇರೆಯಾದರೆ ಒಡೆದಿದೆ ಎಂದಲ್ಲ, ಮೆಲ್ಲಗೆ ಅಲುಗಿಸಿದರೆ ಬೆರೆಯುತ್ತದೆ. ಕಾಯಿಸಬಾರದು. ಬಿಸಿನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು ಬೆಚ್ಚಗೆ ಮಾಡಿದರೆ ಸಾಕು.

ಕುಡಿಸಲು ಬಾಟಲಿ ಏಕೆ? ಅಟ್ಟದ ಮೇಲೆ ಅಜ್ಜಿಯ ಕಾಲದ ಒಳಲೆ ಇದ್ದೀತು, ತೆಗೆದು ಕುದಿಸಿ. ಇಲ್ಲವೇ ಚಮಚ. ರಬ್ಬರ್ ನಿಪ್ಪಲ್ಲಿನ ಸಲೀಸು ಕಂಡ ಕೂಸು ತಾಯಿಯ ಎದೆಗೆ ಮುಖ ತಿರುಗಿಸುವುದುಂಟು. ಹಾಲಿನ ಬಾಟಲಿಗೂ ಪೌಡರಿಗೂ ಜಾಹೀರಾತು ಮಾಡಬಾರದು ಎಂದು 1992ರಲ್ಲೇ ಕಾನೂನು ಬಂದಿದೆ. ಒಳಲೆಯಲ್ಲಿ ಕುಡಿಸುವ ಕೈ ಅತ್ತೆಗೇ ಪಳಗಿರುತ್ತದೆ. ಅಲ್ಲಿಗೆ ಅರ್ಧ ಜಗಳ ಮುಗಿದ ಹಾಗೆ.

ಕಾನೂನು ಒಂದು ಕಡೆ, ಅಂಗಡಿ ಒಂದು ಕಡೆ

ಈಗ ಸಾಹುಕಾರರ ಸರದಿ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದು, ಮೊದಲೆರಡು ಮಕ್ಕಳಿಗೆ ಸಂಬಳದ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕು, 50 ಜನ ದುಡಿಯುವ ಕಡೆ ಶಿಶುವಿಹಾರ ಇರಬೇಕು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆಲ್ಲ ಉಳಿದಿದೆ. ಚೆನ್ನಾಗಿದೆ. ಆದರೆ ಹಾಲೂಡಿಸಲು ಬಿಡುವು ಸಿಕ್ಕಿತು, ಕೂಸು ಇಪ್ಪತ್ತು ಮೈಲಿ ದೂರದ ಹಳ್ಳಿಯಲ್ಲಿ! ಹಿಂಡಿಕೊಳ್ಳಲು ಒಂದು ಮರೆ ಕೊಡಿ ಎಂದು ಅದರಲ್ಲಿ ಬರೆದಿಲ್ಲ.

ಅದಕ್ಕಿಂತ ಹೆಚ್ಚಿನ ಮಾತು: ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಅಂಗಡಿಗೆ ಈ ಕಾನೂನು ಮುಟ್ಟುವುದೇ ಇಲ್ಲ. ಪೇಟೆ ಬೀದಿಯಲ್ಲಿ ಐದಾರು ಹುಡುಗಿಯರನ್ನು ಇಟ್ಟುಕೊಂಡ ಅಂಗಡಿಗಳೇ ಜಾಸ್ತಿ. ಅಂಥ ಕಡೆ ಬಾಣಂತಿ ಮೂರನೇ ತಿಂಗಳಿಗೇ ವಾಪಸ್ಸು ಬಂದು ನಿಲ್ಲುತ್ತಾಳೆ, ತಡ ಮಾಡಿದರೆ ಆ ಜಾಗಕ್ಕೆ ಇನ್ನೊಬ್ಬಳು. ಎಲ್ಲಾ ಸಾಹುಕಾರರೂ ಕಟುಕರಲ್ಲ. ಎಷ್ಟೋ ಜನಕ್ಕೆ ಹೀಗೊಂದು ಕಷ್ಟ ಇದೆ ಎಂದೇ ಗೊತ್ತಿಲ್ಲ. ಆಕೆ ಬಾಯಿಬಿಟ್ಟು ಹೇಳುವ ಮಾತೂ ಅಲ್ಲ.

ಬೇಕಾದ್ದಾದರೂ ಎಷ್ಟು? ಹನ್ನೊಂದಕ್ಕೊಮ್ಮೆ, ಮೂರಕ್ಕೊಮ್ಮೆ ಇಪ್ಪತ್ತಿಪ್ಪತ್ತು ನಿಮಿಷ. ಗಂಡಾಳುಗಳು ಟೀ ಬೀಡಿಗೆ ಎದ್ದು ಹೋಗುವ ಹೊತ್ತನ್ನು ಕೂಡಿಸಿ ನೋಡಿ, ಅದಕ್ಕಿಂತ ಹೆಚ್ಚಾಗಲಾರದು. ಡಬ್ಬಿಗೆ ಐಸ್ ತುಂಡು ಹಾಕಿದ ಥರ್ಮೋಕೋಲ್ ಪೆಟ್ಟಿಗೆ ನಡೆಯುತ್ತದೆ. ಪಕ್ಕದ ಬೇಕರಿಯವರು ಮನಸ್ಸು ಮಾಡಿದರೆ ಫ್ರಿಜ್ಜಿನ ಕೂಲ್‌ಡ್ರಿಂಕ್ಸ್ ಬಾಟಲಿಗಳ ಹಿಂದೆ ಅಂಗೈಯಗಲದ ಜಾಗ ಸಿಕ್ಕೀತು. ಗೋಡೌನಿನ ಮೂಲೆಗೆ ಒಂದು ಪರದೆ, ಒಂದು ಕುರ್ಚಿ, ಕೈ ತೊಳೆಯಲು ನೀರು, ಬಾಗಿಲಿಗೆ ಒಳಗಿನಿಂದ ಚಿಲಕ. ಮತ್ತೆ, ಸರಕು ಕಾಯಲು ಅಲ್ಲೊಂದು ಸಿಸಿ ಕ್ಯಾಮೆರಾ ಕೂರಿಸಿರುತ್ತೀರಲ್ಲ, ಮೊದಲು ಅದನ್ನು ಅಲ್ಲಿಂದ ಕೀಳಿಸಿ.