ವಿಷಾನಿಲದ ಮುಂದೆ ಮೂಗು ಸೋಲುತ್ತದೆ

ಮ್ಯಾನ್‌ಹೋಲ್‌ಗೆ ಇಳಿದ ಒಬ್ಬರು ಕುಸಿಯುತ್ತಾರೆ. ಎತ್ತಲು ಇಳಿದವರೂ ಮೇಲೆ ಬರುವುದಿಲ್ಲ. ಇಂಥ ಸುದ್ದಿ ಮತ್ತೆ ಮತ್ತೆ ಓದುತ್ತೇವೆ. ಅಪಾಯವನ್ನು ಮೊದಲೇ ಹೇಳಬಲ್ಲ ಸೆನ್ಸರ್‌ಗಳು ನಮ್ಮಲ್ಲಿವೆ. ಅಡ್ಡ ಬರುತ್ತಿರುವ ಕೆಲವು ನಂಬಿಕೆಗಳನ್ನು ಮೊದಲು ಬಿಡಬೇಕು.

ತಪ್ಪು ಕಲ್ಪನೆ: ವಿಷಾನಿಲವಿದ್ದರೆ ವಾಸನೆ ಬಂದೇ ಬರುತ್ತದೆ.
ಸತ್ಯ: ಚರಂಡಿಯ ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯಂತೆ ನಾರುತ್ತದೆ, ನಿಜ. ಆದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅದು 100 ಭಾಗ ಮುಟ್ಟಿದರೆ ಕೆಲವೇ ನಿಮಿಷಗಳಲ್ಲಿ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸುತ್ತದೆ. ಕಾರ್ಬನ್ ಮೊನಾಕ್ಸೈಡ್‌ಗಂತೂ ವಾಸನೆಯೇ ಇಲ್ಲ.

ತಪ್ಪು ಕಲ್ಪನೆ: ದೀಪ ಇಳಿಬಿಟ್ಟು ನೋಡಿದರೆ ಸಾಕು.
ಸತ್ಯ: ದೀಪ ಆರಿದರೆ ಆಮ್ಲಜನಕ ಕಡಿಮೆಯಿದೆ ಎಂದಷ್ಟೇ ಗೊತ್ತಾಗುತ್ತದೆ. ಜೀವ ತೆಗೆಯುವಷ್ಟು ಹೈಡ್ರೋಜನ್ ಸಲ್ಫೈಡ್ ಇದ್ದರೂ ದೀಪ ಉರಿಯುತ್ತಲೇ ಇರಬಹುದು. ಮೀಥೇನ್ ತುಂಬಿದ್ದರೆ ಸ್ಫೋಟವೇ ಆದೀತು.

ತಪ್ಪು ಕಲ್ಪನೆ: ಸೆನ್ಸರ್ ಅನಿಲವನ್ನು ಹೀರಿ ತುಂಬಿಕೊಳ್ಳುತ್ತದೆ.
ಸತ್ಯ: ವಿದ್ಯಾರ್ಥಿಗಳು ಪ್ರಾಜೆಕ್ಟ್‌ಗೆ ಬಳಸುವ ಎಂಕ್ಯೂ-2 ಸೆನ್ಸರ್‌ನ ಉಕ್ಕಿನ ಜಾಲರಿಯೊಳಗೆ ಪುಟ್ಟ ಪಿಂಗಾಣಿ ಕೊಳವೆಯಿದೆ; ಮೇಲೆ ತವರದ ಆಕ್ಸೈಡ್ ಲೇಪ, ಒಳಗೆ ಹೀಟರ್. ಇಂಥ ಲೇಪಗಳು ಸಾಮಾನ್ಯವಾಗಿ 200ರಿಂದ 400 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಕೆಲಸ ಮಾಡುತ್ತವೆ. ಗಾಳಿಯ ಆಮ್ಲಜನಕ ಮೇಲ್ಮೈಗೆ ಅಂಟಿ ಎಲೆಕ್ಟ್ರಾನ್‌ಗಳನ್ನು ಹಿಡಿದಿಡುವುದರಿಂದ ವಿದ್ಯುತ್ ರೋಧ ಹೆಚ್ಚಿರುತ್ತದೆ. ಎಲ್‌ಪಿಜಿಯಂಥ ಅನಿಲ ಆ ಆಮ್ಲಜನಕದೊಂದಿಗೆ ವರ್ತಿಸಿದಾಗ ಎಲೆಕ್ಟ್ರಾನ್‌ಗಳು ಬಿಡುಗಡೆಯಾಗಿ ರೋಧ ಇಳಿಯುತ್ತದೆ, ಅಲಾರಂ ಕೂಗುತ್ತದೆ. ಅನಿಲ ಸರಿದರೆ ಲೇಪ ಹಿಂದಿನ ಸ್ಥಿತಿಗೆ ಮರಳುತ್ತದೆ.

ತಪ್ಪು ಕಲ್ಪನೆ: ಲೇಪದ ಕಣ ಸಣ್ಣದಾದಷ್ಟೂ ಸೆನ್ಸರ್ ಉತ್ತಮ.
ಸತ್ಯ: ತವರದ ಆಕ್ಸೈಡ್ ಕಣ ಸುಮಾರು 6 ನ್ಯಾನೋಮೀಟರಿಗಿಂತ ಚಿಕ್ಕದಾದರೆ ಸೂಕ್ಷ್ಮತೆ ಬಹಳ ಏರುತ್ತದೆ, ಏಕೆಂದರೆ ಮೇಲ್ಮೈಯ ಬದಲಾವಣೆ ಇಡೀ ಕಣವನ್ನು ಆವರಿಸುತ್ತದೆ. ಆದರೆ ಅವೇ ಕಣಗಳು ಕಾವಿಗೆ ಬೆಸೆದುಕೊಂಡು ದಪ್ಪಗಾಗುತ್ತವೆ. ಒತ್ತೊತ್ತಾಗಿ ಕೂತರೆ ಅನಿಲ ಒಳಪದರವನ್ನು ಮುಟ್ಟುವುದೇ ಇಲ್ಲ. ರಂಧ್ರಮಯ ರಚನೆ ಬೇಕಾಗುವುದು ಅದಕ್ಕೇ: ಅನಿಲ ಒಳಹೋಗಿ ಹೊರಬರಲು ದಾರಿಯಿರಬೇಕು.

ತಪ್ಪು ಕಲ್ಪನೆ: ಯಾವ ಅನಿಲವೆಂದು ಸೆನ್ಸರ್ ಖಚಿತವಾಗಿ ಹೇಳುತ್ತದೆ.
ಸತ್ಯ: ಎಂಕ್ಯೂ-2 ಎಲ್‌ಪಿಜಿ, ಹೊಗೆ, ಆಲ್ಕೋಹಾಲ್ ಆವಿ ಎಲ್ಲಕ್ಕೂ ಸ್ಪಂದಿಸುತ್ತದೆ, ತೇವಾಂಶವೂ ಅಳತೆಯನ್ನು ಏರುಪೇರು ಮಾಡುತ್ತದೆ. ತವರದ ಆಕ್ಸೈಡ್‌ಗೆ ತಾಮ್ರದ ಆಕ್ಸೈಡ್ ಸೇರಿಸಿದರೆ ಹೈಡ್ರೋಜನ್ ಸಲ್ಫೈಡ್ ಅನ್ನು ಹೆಚ್ಚು ನಿಖರವಾಗಿ ಗುರುತಿಸಬಹುದು. ಆಗಲೂ ಆಗಾಗ ಪರೀಕ್ಷಿಸಿ ಅಳತೆ ಸರಿಪಡಿಸಲೇಬೇಕು.

ರಕ್ಷಣಾ ಸಲಕರಣೆಯಿಲ್ಲದೆ ಚರಂಡಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಸೆನ್ಸರ್ ಆ ಕಾಯ್ದೆಗೆ ಪರ್ಯಾಯವಲ್ಲ. ಯಂತ್ರದಿಂದ ಆಗುವ ಕೆಲಸಕ್ಕೆ ಯಾರನ್ನೂ ಇಳಿಸಕೂಡದು. ಅನಿಲ ಅಳೆಯದೆ ಮ್ಯಾನ್‌ಹೋಲ್‌ನೊಳಗೆ ಯಾರೂ ಕಾಲಿಡಕೂಡದು.