ಎಂಜಿನಿಯರಿಂಗ್ ಓದಿಗೆ ಎಂಟನೆಯ ತರಗತಿಯಲ್ಲೇ ತಳಪಾಯ

ರಾಯದುರ್ಗ ತಾಲ್ಲೂಕು 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿತು. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಗೆರೆ ಬದಲಾದರೂ ಎರಡೂ ಕಡೆ ಕನ್ನಡದ ಮನೆಗಳಿವೆ. ಈ ಮನೆಗಳಲ್ಲಿ ಎಂಜಿನಿಯರಿಂಗ್ ಚಿಂತೆ ಹತ್ತನೆಯ ತರಗತಿ ಮುಗಿದ ಮೇಲೆ ಶುರುವಾಗುತ್ತದೆ. ಅದು ತಡವೆಂಬುದು ನಮ್ಮ ಅನುಭವ.

ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮೊಮ್ಮಗ ಇಂಟರ್‌ಮೀಡಿಯೆಟ್ ಎಂ.ಪಿ.ಸಿ. ಸೇರಿದ ಹೊಸತರಲ್ಲಿ, "ತಾತಾ, ನನಗೆ ಲೆಕ್ಕ ಬರೋದಿಲ್ಲ, ಅಂಗಡಿಗೇ ಬರ್ತೀನಿ" ಎಂದ. ಲಂಬಕೋನ, ವೇಗೋತ್ಕರ್ಷ ಎಂದರೆ ಥಟ್ಟನೆ ವಿವರಿಸುವವನು ರೈಟ್ ಆ್ಯಂಗಲ್, ಆಕ್ಸಲರೇಷನ್ ಎಂದರೆ ತಡವರಿಸುತ್ತಿದ್ದ. ಕೊರತೆ ಬುದ್ಧಿಯದಲ್ಲ, ಪದಗಳದು. ಹತ್ತನೆಯ ತರಗತಿಗೇ ಓದು ನಿಲ್ಲಿಸಿದ ನಮಗೆ ಆ ಪಾಠ ಹೇಳಿಕೊಡಲು ಬಾರದು. ಅಂಗಡಿಯ ಖಾಲಿ ಖಾತೆ ಪುಸ್ತಕ ಕೊಟ್ಟು, ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್, ದಿನಕ್ಕೆ ಹತ್ತು ಪದ ಬರೆಸಿದೆವು. ಅವನು ಓದು ಬಿಡಲಿಲ್ಲ.

ಇಂಥ ಪುಸ್ತಕ ಎಂಟನೆಯ ತರಗತಿಯಲ್ಲೇ ಶುರುವಾಗಲಿ. ಆಂಧ್ರದ ಪ್ರವೇಶ ಪರೀಕ್ಷೆ ಇಂಟರ್‌ಮೀಡಿಯೆಟ್ ಪಾಠಗಳ ಮೇಲೆ ನಡೆದರೂ ಬೀಜಗಣಿತ, ತ್ರಿಕೋನಮಿತಿಯ ಬುನಾದಿ ಹೈಸ್ಕೂಲಿನದು.

ಕನ್ನಡವನ್ನೂ ಬಿಡಿಸಬೇಡಿ. 2021ರಿಂದ ಜೆಇಇ ಮೇನ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಕರ್ನಾಟಕದ ಸಿಇಟಿ ನಿಯಮಗಳಲ್ಲಿ ಕನ್ನಡ ಮನೆಮಾತಿನ ಹೊರನಾಡ ಮಕ್ಕಳಿಗೆ ಅವಕಾಶವಿದೆ; ಅದಕ್ಕೆ ಕನ್ನಡ ಪರೀಕ್ಷೆ ಎದುರಿಸಬೇಕು. ವ್ಯಾಸಂಗ ಪ್ರಮಾಣಪತ್ರಗಳನ್ನು ಜೋಪಾನವಾಗಿಡಿ. ಆಯಾ ವರ್ಷದ ನಿಯಮ ತಪ್ಪದೆ ಓದಿ.

12ನೆಯ ಶತಮಾನದಲ್ಲಿ ಕನ್ನಡದಲ್ಲಿ ಗಣಿತ ಬರೆದ ರಾಜಾದಿತ್ಯ ಜೈನನೇ. ಶಾಸ್ತ್ರದಾನ ನಮ್ಮ ನಾಲ್ಕು ದಾನಗಳಲ್ಲೊಂದು. ಶ್ರಾವಕ ಬಂಧುಗಳೇ, ನೆರೆಮನೆಯ ಮಗುವಿಗೆ ಕೊಡುವ ಒಂದು ನೋಟ್ ಪುಸ್ತಕವೂ ದಾನವೇ.