ಟ್ಯಾಗ್ ಬಂತು, ಕಾಯೋರು ಯಾರು?

ಇಂಡಿ ಲಿಂಬೆಗೆ 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಒಳ್ಳೇದೇ. ಆದರೆ ಒಂದು ಮಾತು ಗಮನಿಸಿ. ಟ್ಯಾಗ್ ಕಾಯೋದು ಹೆಸರನ್ನು ಮಾತ್ರ. ಬೇರೆ ಊರಿನ ಹಣ್ಣನ್ನು ಯಾರೋ 'ಇಂಡಿ ಲಿಂಬೆ' ಅಂತ ಮಾರಿದರೆ ಕೋರ್ಟಿಗೆ ಎಳೆಯಬಹುದು. ಆದರೆ ರೈತನಿಗೆ ಆ ಹಕ್ಕು ತಾನಾಗಿ ಬರೋದಿಲ್ಲ. ಚೆನ್ನೈನ ಜಿಐ ಕಚೇರಿಯಲ್ಲಿ 'ಅಧಿಕೃತ ಬಳಕೆದಾರ' ಅಂತ ನೋಂದಣಿ ಮಾಡಿಸಬೇಕು. ಟ್ಯಾಗ್‌ನ ಆಯುಷ್ಯ 10 ವರ್ಷ, ಆಮೇಲೆ ನವೀಕರಿಸಬೇಕು.

ಇನ್ನು ತಳಿ ಕಾಯೋದಕ್ಕೆ ಬೇರೆಯೇ ಕಾನೂನು. ರೈತನೇ ಕಾಪಾಡಿಕೊಂಡು ಬಂದ ತಳಿಗೆ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಇದೆ. ಊರಿನ ಗಿಡ, ಬೀಜ, ಮದ್ದಿನ ಬೇರು ದಾಖಲಿಸೋಕೆ ಪ್ರತಿ ಪಂಚಾಯಿತಿಯಲ್ಲೂ ಸಮಿತಿ ಇರಬೇಕು ಅನ್ನುತ್ತದೆ 2002ರ ಜೀವವೈವಿಧ್ಯ ಕಾಯ್ದೆ.

ಇಷ್ಟನ್ನೂ ತೋಟದ ರೈತನೇ ಓದಬೇಕಾ ಸ್ವಾಮಿ? ತಳಿ ಗುರುತಿಸೋಕೆ ವಿಜ್ಞಾನ ಬೇಕು, ಅರ್ಜಿ ಬರೆಯೋಕೆ ಕಾನೂನು ಬೇಕು. ಎರಡೂ ಬಲ್ಲವರು ತಾಲೂಕಿನಲ್ಲೇ ಸಿಗಬೇಕು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಬೌದ್ಧಿಕ ಆಸ್ತಿ ಹಕ್ಕಿನ ಡಿಪ್ಲೊಮಾ ಇದೆ. ಇಂಥ ತರಬೇತಿ ಕನ್ನಡದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಾಲೇಜುಗಳಿಗೆ ಬರಲಿ. ಬಿಎಸ್ಸಿ, ಎಲ್‌ಎಲ್‌ಬಿ ಮುಗಿಸಿದ ನಮ್ಮ ಮಕ್ಕಳಿಗೆ ಊರಲ್ಲೇ ಕೆಲಸ ಆಗುತ್ತೆ, ರೈತನ ಅರ್ಜಿಯೂ ಚೆನ್ನೈ ತಲುಪುತ್ತೆ.